ಅಮೆರಿಕದ ಕಾಲೇಜುಗಳಲ್ಲಿ ಅಥ್ಲೆಟಿಕ್ಸ್ ಕೋಚ್ ಕೆಲಸ: ಕುರ್ಚಿ ಯಾವಾಗ ಖಾಲಿಯಾಗುತ್ತದೆ, ಹಿಡಿಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಅಮೆರಿಕದ ಕಾಲೇಜು ಅಥ್ಲೆಟಿಕ್ಸ್‌ನಲ್ಲಿ ಕೋಚ್ ಹುದ್ದೆಗಳು ವರ್ಷವಿಡೀ ಒಂದೊಂದಾಗಿ ಖಾಲಿಯಾಗುವುದಿಲ್ಲ. ಜೂನ್ ನಡುವಿನ ಹೊತ್ತಿಗೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ಹೊರಾಂಗಣ ಚಾಂಪಿಯನ್‌ಷಿಪ್ ಮುಗಿಯುತ್ತದೆ. ಬಹಳಷ್ಟು ಒಪ್ಪಂದಗಳು ಜೂನ್ 30ಕ್ಕೆ ತೀರುತ್ತವೆ. ಆಗಸ್ಟ್‌ನಲ್ಲಿ ಕ್ರಾಸ್‌ಕಂಟ್ರಿ ತಂಡ ಕ್ಯಾಂಪಸ್‌ಗೆ ಬಂದೇಬಿಡುತ್ತದೆ. ದೊಡ್ಡ ಬದಲಾವಣೆಗಳೆಲ್ಲ ಈ ಎರಡು ತಿಂಗಳ ಸಂದಿಯಲ್ಲೇ ಆಗುವುದು. ಊರಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲಿಗೆ ಹೋಗಬೇಕೆಂದಿರುವವರು, ಈಗಾಗಲೇ ಅಲ್ಲಿ ಎಂ.ಎಸ್. ಓದುತ್ತ ತಂಡಕ್ಕೆ ಕೈಜೋಡಿಸಿರುವವರು, ಇಬ್ಬರೂ ಎಡವುವುದು ಒಂದೇ ಕಡೆ: ಜಾಹೀರಾತು ಕಂಡ ಮೇಲೆ ತಯಾರಿ ಶುರುಮಾಡುತ್ತಾರೆ. ಜಾಹೀರಾತು ಬರುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ.

ಮೊದಲು ಸರಪಳಿ ಓದಲು ಕಲಿಯಿರಿ

ಒಂದು ಮುಖ್ಯ ಕೋಚ್ ಹುದ್ದೆ ಖಾಲಿಯಾದರೆ ಅದರ ಹಿಂದೆಯೇ ನಾಲ್ಕೈದು ಕುರ್ಚಿಗಳು ಅಲುಗಾಡುತ್ತವೆ. 2018ರ ಬೇಸಿಗೆಯನ್ನೇ ನೋಡಿ. ಟೆಕ್ಸಸ್ ವಿಶ್ವವಿದ್ಯಾಲಯ ಕೆಂಟಕಿಯಿಂದ ಎಡ್ರಿಕ್ ಫ್ಲೋರಿಯಲ್ ಅವರನ್ನು ಕರೆಸಿಕೊಂಡಿತು. ಕೆಂಟಕಿ ಆ ಜಾಗಕ್ಕೆ ಪರ್ಡ್ಯೂನಿಂದ ಲಾನಿ ಗ್ರೀನ್ ಅವರನ್ನು ತಂದಿತು. ಪರ್ಡ್ಯೂ ಮತ್ತೆ ಹುಡುಕಾಟಕ್ಕೆ ಇಳಿಯಿತು. 2021ರಲ್ಲಿ ಜಾರ್ಜಿಯಾದ ಮುಖ್ಯ ಕೋಚ್ ಪೆಟ್ರೋಸ್ ಕಿಪ್ರಿಯಾನು ಹೊರನಡೆದರು. ಸದರ್ನ್ ಕ್ಯಾಲಿಫೋರ್ನಿಯಾದ ಮಹಿಳಾ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಬೆನ್ನಲ್ಲೇ ಕ್ಯಾರಿಲ್ ಸ್ಮಿತ್ ಗಿಲ್ಬರ್ಟ್ ಜಾರ್ಜಿಯಾಕ್ಕೆ ಬಂದರು. ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಸಹಾಯಕರಾಗಿದ್ದ ಕ್ವಿನ್ಸಿ ವಾಟ್ಸ್‌ಗೆ ಬಡ್ತಿ ಸಿಕ್ಕಿತು. ಕಿಪ್ರಿಯಾನು ಮರುವರ್ಷ ಇಲಿನಾಯ್‌ಗೆ ಸೇರಿದರು.

ಇಲ್ಲಿ ಗಮನಿಸಬೇಕಾದ್ದು ಹೆಸರುಗಳನ್ನಲ್ಲ. ಬಡ್ತಿ ಪಡೆದವರ ಹಳೆಯ ಸಹಾಯಕ ಹುದ್ದೆ, ಹೊಸ ಮುಖ್ಯ ಕೋಚ್ ಜೊತೆಗೆ ಕರೆದುಕೊಂಡು ಹೋದವರ ಹುದ್ದೆ, ಅವರು ಬಂದದ್ದರಿಂದ ಕೆಲಸ ಕಳೆದುಕೊಂಡವರು ಹೋಗಿ ಸೇರುವ ಜಾಗ, ಇವೇ ಹೊಸಬರಿಗೆ ನಿಲುಕುವ ಕೊಂಡಿಗಳು. ಟೆಕ್ಸಸ್‌ಗೆ ಅರ್ಜಿ ಹಾಕಿ ಕೂರುವ ಬದಲು ಮೂರನೇ ಕೊಂಡಿಗೆ ಕಣ್ಣಿಡಿ.

ಸರಪಳಿ ಎಲ್ಲ ಕಡೆಯೂ ಉದ್ದವಾಗುವುದಿಲ್ಲ. ಅರ್ಕಾನ್ಸಾದಲ್ಲಿ ಲ್ಯಾನ್ಸ್ ಹಾರ್ಟರ್ 1990ರಿಂದ ಮಹಿಳಾ ತಂಡ ನಡೆಸಿ 2023ರಲ್ಲಿ ನಿವೃತ್ತರಾದಾಗ ಸಹಾಯಕ ಕ್ರಿಸ್ ಜಾನ್ಸನ್ ಅವರನ್ನೇ ಕೂರಿಸಲಾಯಿತು. ಒಳಗಿನವರಿಗೆ ಪಟ್ಟ ಕಟ್ಟಿದರೆ ಹೊರಗಿನವರಿಗೆ ಸಿಗುವುದು ಹೆಚ್ಚೆಂದರೆ ಒಂದು ಕುರ್ಚಿ. ಹೊರಗಿನಿಂದ ಮುಖ್ಯ ಕೋಚ್ ಬಂದರೆ ಇಡೀ ಸಿಬ್ಬಂದಿಯೇ ಬದಲಾಗಬಹುದು. ಸುದ್ದಿ ಓದುವಾಗ ಮೊದಲು ಈ ವ್ಯತ್ಯಾಸ ಗುರುತು ಮಾಡಿಕೊಳ್ಳಿ.

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಇಟ್ಟುಕೊಳ್ಳಿ. ನಿಮಗೆ ಹೊಂದುವ ಮೂವತ್ತು ನಲವತ್ತು ಕಾಲೇಜುಗಳು, ಅಲ್ಲಿನ ಮುಖ್ಯ ಕೋಚ್, ಅವರು ಬಂದ ವರ್ಷ, ಅಥ್ಲೆಟಿಕ್ ಡೈರೆಕ್ಟರ್ (ಕಾಲೇಜಿನ ಎಲ್ಲ ಕ್ರೀಡಾ ತಂಡಗಳ ಮುಖ್ಯಸ್ಥ) ಬಂದ ವರ್ಷ, ನಿಮ್ಮ ವಿಭಾಗದ ಸಹಾಯಕ ಕೋಚ್ ಯಾರು, ಅವರು ಹಿಂದೆ ಯಾರ ಕೈಕೆಳಗೆ ಇದ್ದರು, ಇಷ್ಟು ಕಾಲಂ ಸಾಕು. ಎಲ್ಲವೂ ಕಾಲೇಜಿನ ಸಿಬ್ಬಂದಿ ಪುಟದಲ್ಲೇ ಸಿಗುತ್ತದೆ. ಮುಖ್ಯ ಕೋಚ್ ಬಂದದ್ದಕ್ಕಿಂತ ಡೈರೆಕ್ಟರ್ ಬಂದದ್ದು ಈಚೆಗಾದರೆ ಆ ಸಾಲಿಗೆ ಬಣ್ಣ ಹಚ್ಚಿ. ತಾನು ನೇಮಿಸದ ಕೋಚ್‌ನನ್ನು ಹೊಸ ಡೈರೆಕ್ಟರ್ ಹೆಚ್ಚು ಕಾಲ ಇಟ್ಟುಕೊಳ್ಳುವುದು ಕಡಿಮೆ.

ಯಾವ ಮಟ್ಟ, ಯಾವ ವಿಭಾಗ

ಎನ್‌ಸಿಎಎಯಲ್ಲಿ ಮೂರು ಡಿವಿಷನ್‌ಗಳಿವೆ. ಅದರ ಹೊರಗೆ ಸಣ್ಣ ಕಾಲೇಜುಗಳ ಸಂಘ ಎನ್‌ಎಐಎ ಇದೆ, ಎರಡು ವರ್ಷದ ಜೂನಿಯರ್ ಕಾಲೇಜುಗಳಿಗೆ ಎನ್‌ಜೆಸಿಎಎ ಇದೆ. ಎಲ್ಲರ ಕಣ್ಣೂ ಡಿವಿಷನ್ ಒಂದರ ಮೇಲೆ. ಆದರೆ ಓದಿನ ಶುಲ್ಕ ಮನ್ನಾ ಮಾಡಿ, ಸಣ್ಣ ಸಂಬಳ ಕೊಟ್ಟು, ಎಸೆತಗಾರರ ಇಡೀ ಗುಂಪನ್ನೇ ಕೈಗೆ ಒಪ್ಪಿಸುವ ಗ್ರಾಜುಯೇಟ್ ಅಸಿಸ್ಟೆಂಟ್ (ಸ್ನಾತಕೋತ್ತರ ಓದುತ್ತ ಮಾಡುವ ಸಹಾಯಕ ಕೋಚ್ ಕೆಲಸ) ಹುದ್ದೆಗಳು ಡಿವಿಷನ್ ಎರಡು ಮತ್ತು ಎನ್‌ಎಐಎ ಕಾಲೇಜುಗಳಲ್ಲಿ ಧಾರಾಳ. ದೊಡ್ಡ ತಂಡದಲ್ಲಿ ಟೇಪು ಹಿಡಿದು ನಿಲ್ಲುವುದಕ್ಕಿಂತ ಸಣ್ಣ ಕಾಲೇಜಿನಲ್ಲಿ ಹತ್ತು ಅಥ್ಲೀಟ್‌ಗಳ ಹೊಣೆ ಹೊರುವುದೇ ಮೇಲು. ಮುಂದಿನ ಸಂದರ್ಶನದಲ್ಲಿ ಕೇಳುವುದೂ ಅದನ್ನೇ.

ಮುಂಚೆ ಡಿವಿಷನ್ ಒಂದರಲ್ಲಿ ಸಂಬಳವಿಲ್ಲದ 'ವಾಲಂಟಿಯರ್ ಕೋಚ್' ಎಂಬ ಹಿಂಬಾಗಿಲಿತ್ತು. 2023ರ ಜುಲೈ 1ರಿಂದ ಆ ವರ್ಗವನ್ನೇ ತೆಗೆದುಹಾಕಿದ್ದಾರೆ. ಹಳೆಯ ಲೇಖನಗಳನ್ನು ಓದಿ ಆ ದಾರಿ ಹಿಡಿಯಬೇಡಿ.

ಸಿಬ್ಬಂದಿಯನ್ನು ವಿಭಾಗವಾರು ಹಂಚಿರುತ್ತಾರೆ: ಸ್ಪ್ರಿಂಟ್-ಹರ್ಡಲ್ಸ್-ರಿಲೇ, ದೂರದ ಓಟ ಮತ್ತು ಕ್ರಾಸ್‌ಕಂಟ್ರಿ, ಜಿಗಿತ, ಎಸೆತ, ಕೆಲವೆಡೆ ಪೋಲ್‌ವಾಲ್ಟ್ ಮತ್ತು ಡೆಕಾಥ್ಲಾನ್. 'ಎಲ್ಲವನ್ನೂ ಕಲಿಸುತ್ತೇನೆ' ಎಂಬ ಅರ್ಜಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಮುಖ್ಯ ವಿಭಾಗ, ಅದರ ಪಕ್ಕದ್ದೊಂದು, ಅಷ್ಟು ಬರೆಯಿರಿ.

ಕಾಗದಪತ್ರ

ಕನಿಷ್ಠ ಪದವಿ ಎಲ್ಲೆಡೆ ಬೇಕು, ಸ್ನಾತಕೋತ್ತರ ಪದವಿಗೆ ಆದ್ಯತೆ. ನಮ್ಮ ಮೂರು ವರ್ಷದ ಬಿ.ಎ.ಯನ್ನು ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಎಂದು ಎಲ್ಲ ಮೌಲ್ಯಮಾಪನ ಸಂಸ್ಥೆಗಳೂ ಒಪ್ಪುವುದಿಲ್ಲ. ಬಿ.ಪಿ.ಎಡ್., ಎಂ.ಪಿ.ಎಡ್. ಅಂಕಪಟ್ಟಿಗಳನ್ನೂ ಸೇರಿಸಿಯೇ ಮೌಲ್ಯಮಾಪನಕ್ಕೆ ಕಳಿಸಿ. ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ಹೊರಡಿಸಲು ನಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂಬುದು ಗೊತ್ತಿರುವವರು ಅಕ್ಟೋಬರ್‌ನಲ್ಲೇ ಓಡಾಟ ಶುರುಮಾಡುತ್ತಾರೆ.

ಪಟಿಯಾಲಾ ಅಥವಾ ಬೆಂಗಳೂರು ಕೇಂದ್ರದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ನಮ್ಮಲ್ಲಿ ದೊಡ್ಡ ಮಾತು. ಅಲ್ಲಿನ ಆಯ್ಕೆ ಸಮಿತಿಗೆ ಅದರ ಅರ್ಥ ಗೊತ್ತಿರುವುದಿಲ್ಲ. ಹೆಸರಷ್ಟೇ ಬರೆಯಬೇಡಿ, ಕೆಳಗೆ ಒಂದು ಸಾಲಿನಲ್ಲಿ ಏನು ಕಲಿತಿರಿ, ಎಷ್ಟು ತಿಂಗಳು ಎಂದು ಹೇಳಿ. ಜೊತೆಗೆ ಅಮೆರಿಕದ ಅಥ್ಲೆಟಿಕ್ಸ್ ಒಕ್ಕೂಟ ಯುಎಸ್‌ಎಟಿಎಫ್‌ನ ಲೆವೆಲ್ 1 ಕೋರ್ಸ್, ಕೋಚ್‌ಗಳ ಸಂಘವಾದ ಯುಎಸ್‌ಟಿಎಫ್‌ಸಿಸಿಸಿಎ ನಡೆಸುವ ಅಕಾಡೆಮಿಯ ನಿಮ್ಮ ವಿಭಾಗದ ಕೋರ್ಸ್, ಕ್ರೀಡಾಪಟುಗಳ ಮೇಲಿನ ದೌರ್ಜನ್ಯ ತಡೆಯುವ ಸೇಫ್‌ಸ್ಪೋರ್ಟ್ ತರಬೇತಿ, ಸಿಪಿಆರ್ ಪ್ರಮಾಣಪತ್ರ ಇಟ್ಟುಕೊಳ್ಳಿ. ಚಾಲನಾ ಪರವಾನಗಿಯನ್ನು ಎಲ್ಲರೂ ಮರೆಯುತ್ತಾರೆ. ಸಣ್ಣ ಕಾಲೇಜುಗಳಲ್ಲಿ ತಂಡದ ವ್ಯಾನ್ ಓಡಿಸುವುದು ಸಹಾಯಕ ಕೋಚ್. ನೇಮಕದ ಮುಂಚೆ ಚಾಲನೆಯ ದಾಖಲೆ ನೋಡುತ್ತಾರೆ.

ಸಾಧನೆಯ ಪಟ್ಟಿ: ಇಲ್ಲಿಯೇ ಗೆಲುವು ಸೋಲು

ಮೂರು ಪುಟದ ಬಯೋಡೇಟಾಕ್ಕಿಂತ ಒಂದು ಪುಟದ ಪ್ರಗತಿ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. 'ರಾಜ್ಯಮಟ್ಟದ ಎಂಟು ಪದಕ' ಎಂಬ ಸಾಲಿನಿಂದ ಅಲ್ಲಿನ ಮುಖ್ಯ ಕೋಚ್‌ಗೆ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದ್ದು: ಈ ಅಥ್ಲೀಟ್ ನಿಮ್ಮ ಬಳಿ ಬಂದಾಗ ಎಷ್ಟಿತ್ತು, ಹೋಗುವಾಗ ಎಷ್ಟಾಯಿತು, ಎಷ್ಟು ಕಾಲ ಹಿಡಿಯಿತು. ಒಂದು ಸಾಲಿನ ಮಾದರಿ ಹೀಗಿರಲಿ:

ಪುರುಷ, ಗುಂಡು ಎಸೆತ, 7.26 ಕೆ.ಜಿ. ಬಂದಾಗ 14.85 ಮೀ. (19 ವರ್ಷ), ಹೋಗುವಾಗ 16.90 ಮೀ. (21 ವರ್ಷ), ಗ್ಲೈಡ್‌ನಿಂದ ರೊಟೇಷನ್‌ಗೆ ಬದಲಾವಣೆ ಎರಡನೇ ವರ್ಷ, ಗಾಯದಿಂದ ತಪ್ಪಿದ ವಾರಗಳು: 3.

ತೂಕ ಬರೆಯದಿದ್ದರೆ ಈ ಸಾಲಿಗೆ ಬೆಲೆಯೇ ಇಲ್ಲ. ನಮ್ಮ 20 ವರ್ಷದೊಳಗಿನ ಹುಡುಗರು 6 ಕೆ.ಜಿ. ಗುಂಡು, 1.75 ಕೆ.ಜಿ. ಡಿಸ್ಕಸ್ ಎಸೆಯುತ್ತಾರೆ. ಅಮೆರಿಕದ ಹೈಸ್ಕೂಲ್ ಹುಡುಗರು 5.44 ಕೆ.ಜಿ. ಗುಂಡು, 1.6 ಕೆ.ಜಿ. ಡಿಸ್ಕಸ್. ಕಾಲೇಜಿಗೆ ಬಂದರೆ ಎಲ್ಲರಿಗೂ 7.26 ಮತ್ತು 2 ಕೆ.ಜಿ. ಹುಡುಗನ ಹರ್ಡಲ್ 99.1 ಸೆಂ.ಮೀ.ನಿಂದ 106.7ಕ್ಕೆ ಏರುತ್ತದೆ. ಹಗುರ ಗುಂಡಿನ ದೂರವನ್ನು ತೂಕ ಹೇಳದೆ ಬರೆದವರ ಅರ್ಜಿಯನ್ನು ಗೊತ್ತಿದ್ದ ಕೋಚ್ ಅಲ್ಲೇ ಮಡಚಿಡುತ್ತಾನೆ, ಮೋಸ ಎಂದುಕೊಂಡು. ಕಡಿಮೆ ದೂರದ ಓಟ ಮತ್ತು ಉದ್ದಜಿಗಿತಕ್ಕೆ ಗಾಳಿಯ ವೇಗ ಸೇರಿಸಿ. ಕೈಗಡಿಯಾರದ ಸಮಯವಾದರೆ ಹಾಗೆಂದೇ ಹೇಳಿ.

ಇನ್ನೊಂದು ಅಂಶ ಎಸೆತದ ಕೋಚ್‌ಗಳಿಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳಾಂಗಣ ಋತುವಿನಲ್ಲಿ ಹ್ಯಾಮರ್ ಇಲ್ಲ, ಅದರ ಬದಲು 'ವೇಟ್ ಥ್ರೋ' ಇದೆ: ಪುರುಷರಿಗೆ 15.88 ಕೆ.ಜಿ., ಮಹಿಳೆಯರಿಗೆ 9.07 ಕೆ.ಜಿ. ಉದ್ದನೆಯ ತಂತಿ ಇರುವುದಿಲ್ಲ, ಹಿಡಿಕೆಯೂ ಸೇರಿ ಇಡೀ ಉಪಕರಣದ ಉದ್ದ ಸುಮಾರು 40 ಸೆಂ.ಮೀ. ಮಾತ್ರ. ನಮ್ಮ ಕೂಟಗಳಲ್ಲಿ ಈ ಸ್ಪರ್ಧೆ ಇಲ್ಲ, ಹಾಗಾಗಿ ನಮ್ಮವರಿಗೆ ಇದರ ಪರಿಚಯವೇ ಇರುವುದಿಲ್ಲ. ಹ್ಯಾಮರ್‌ನ ಹೆಜ್ಜೆಗಳೇ ಇಲ್ಲೂ ಬರುತ್ತವೆ. ಆದರೆ ಚೆಂಡು ಮೈಗೆ ಹತ್ತಿರ, ಭಾರ ದುಪ್ಪಟ್ಟಿಗೂ ಹೆಚ್ಚು. ಸೊಂಟ ಹಿಂದಕ್ಕೆ ಕೂರದಿದ್ದರೆ ಬೆನ್ನಿನ ಕೆಳಭಾಗ ಹಿಡಿದುಕೊಳ್ಳುತ್ತದೆ. ಸಂದರ್ಶನದಲ್ಲಿ 'ಒಳಾಂಗಣಕ್ಕೆ ಏನು ಯೋಜನೆ' ಎಂದಾಗ ಇದನ್ನು ಹೇಳಲಾಗದವರು ಅಲ್ಲಿಗೆ ಹೊರಗೆ. ಓಟದ ಕೋಚ್‌ಗಳು ಒಳಾಂಗಣದ 60 ಮೀಟರ್ ಮತ್ತು 1200-400-800-1600ರ ಡಿಸ್ಟೆನ್ಸ್ ಮೆಡ್ಲೆ ರಿಲೇ ತಿಳಿದಿರಲಿ.

ಕೊನೆಯದಾಗಿ, ಅಂಕಗಳ ಲೆಕ್ಕದಲ್ಲಿ ಯೋಚಿಸುವುದನ್ನು ರೂಢಿಸಿಕೊಳ್ಳಿ. ಕಾನ್ಫರೆನ್ಸ್ (ಪರಸ್ಪರ ಸ್ಪರ್ಧಿಸುವ ಕಾಲೇಜುಗಳ ಗುಂಪು) ಕೂಟಗಳಲ್ಲಿ ಸಾಮಾನ್ಯವಾಗಿ ಮೊದಲ ಎಂಟು ಸ್ಥಾನಗಳಿಗೆ 10, 8, 6, 5, 4, 3, 2, 1. ನೀವು ಅರ್ಜಿ ಹಾಕುವ ತಂಡದ ಕಳೆದ ಫಲಿತಾಂಶ ಟಿಎಫ್‌ಆರ್‌ಆರ್‌ಎಸ್ ಜಾಲತಾಣದಲ್ಲಿ ಇರುತ್ತದೆ. ನಿಮ್ಮ ವಿಭಾಗದಲ್ಲಿ ಅವರಿಗೆ ಬಂದ ಅಂಕ ಎಷ್ಟು, ಎಂಟನೇ ಸ್ಥಾನಕ್ಕೆ ಎಷ್ಟು ದೂರ ಬೇಕಿತ್ತು, ಎರಡು ವರ್ಷದಲ್ಲಿ ಎಷ್ಟು ಅಂಕ ತರಬಲ್ಲಿರಿ, ಇದನ್ನು ಅರ್ಧ ಪುಟದಲ್ಲಿ ಬರೆದು ಅರ್ಜಿಯೊಂದಿಗೆ ಕಳಿಸಿ. ಡಿವಿಷನ್ ಒಂದರಲ್ಲಾದರೆ ಇನ್ನೊಂದು ಅಳತೆಗೋಲು: ಪೂರ್ವ, ಪಶ್ಚಿಮ ಪ್ರಾದೇಶಿಕ ಕೂಟಗಳಿಗೆ ಪ್ರತಿ ವೈಯಕ್ತಿಕ ಸ್ಪರ್ಧೆಯಿಂದ ತಲಾ 48 ಮಂದಿ, ಅಲ್ಲಿಂದ ಫೈನಲ್ ಕೂಟಕ್ಕೆ ತಲಾ 12.

ವೀಸಾ: ಮುಂಚೆಯೇ ಕೂತು ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಕೂತು ನೇರ ಎಚ್-1ಬಿ (ಉದ್ಯೋಗ ವೀಸಾ) ಸಿಗುತ್ತದೆಂದು ಕಾಯುವುದು ಈಗ ಬಲು ದುಬಾರಿ ಆಸೆ. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಲಾಟರಿ ಇಲ್ಲ ಎಂಬುದು ನಿಜ. ಆದರೆ 2025ರ ಸೆಪ್ಟೆಂಬರ್ 21ರಿಂದ ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೇರಲಾಯಿತು. ಸಹಾಯಕ ಕೋಚ್‌ಗಾಗಿ ಯಾವ ಕಾಲೇಜೂ ಅಷ್ಟು ಕೊಡುವುದಿಲ್ಲ. ಈ ನಿಯಮ ಕಾಲಮಿತಿಯದ್ದು, ಬದಲಾಗುತ್ತಲೂ ಇರುತ್ತದೆ. ಅರ್ಜಿಯ ಹೊತ್ತಿಗೆ ಜಾರಿಯಲ್ಲಿರುವುದನ್ನು ವಲಸೆ ವಕೀಲರಿಂದ ಖಚಿತ ಮಾಡಿಕೊಳ್ಳಿ.

ನಡೆಯುವ ದಾರಿ ಇದು: ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಸ್ನಾತಕೋತ್ತರ ಓದು ಮತ್ತು ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ, ಆಮೇಲೆ ಒಂದು ವರ್ಷದ ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ), ಅಲ್ಲಿದ್ದುಕೊಂಡೇ ಎಚ್-1ಬಿಗೆ ಬದಲಾವಣೆ. ಇದರಲ್ಲಿ ಕಾಲು ಜಾರುವ ಜಾಗಗಳು:

ಓದುವಾಗ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಕೂಟಕ್ಕೆ ಪ್ರಯಾಣಿಸಿದ ಶನಿವಾರ, ಭಾನುವಾರವೂ ಲೆಕ್ಕಕ್ಕೆ ಬರುತ್ತದೆ. 'ಹೆಚ್ಚಿನ ಗಂಟೆ ಪುಕ್ಕಟೆ ಮಾಡುತ್ತೇನೆ' ಎಂದು ಒಪ್ಪಬೇಡಿ. ಸಂಬಳ ಕೊಡಬೇಕಾದ ಕೆಲಸವನ್ನು ಪುಕ್ಕಟೆ ಮಾಡಿದರೆ ಅದನ್ನು ವಾಲಂಟಿಯರ್ ಕೆಲಸ ಎನ್ನಲಾಗುವುದಿಲ್ಲ, ಪೆಟ್ಟು ಬೀಳುವುದು ನಿಮ್ಮ ವೀಸಾಕ್ಕೆ.

ಒಪಿಟಿ ಶುರುವಾಗುವ ದಿನವನ್ನು ಓದು ಮುಗಿದ ಮೇಲಿನ 60 ದಿನದೊಳಗೆ ನೀವೇ ಆರಿಸಬಹುದು. ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಮೇ ಮಧ್ಯದಲ್ಲಿ ಪದವಿ ಮುಗಿಸಿ ಮರುದಿನವೇ ಒಪಿಟಿ ಶುರುಮಾಡಿಸಿದರೆ ಆ 90 ದಿನ ಆಗಸ್ಟ್ ಮಧ್ಯಕ್ಕೇ ತೀರುತ್ತದೆ, ನೇಮಕಗಳು ಇನ್ನೂ ನಡೆಯುತ್ತಿರುವಾಗಲೇ. ಕೈಯಲ್ಲಿ ಕೆಲಸವಿಲ್ಲದಿದ್ದರೆ ಜುಲೈನ ದಿನಾಂಕ ಹಾಕಿಸಿ.

ಕ್ರೀಡಾ ವಿಜ್ಞಾನದ ಕೋರ್ಸ್ ಎಂದ ಮಾತ್ರಕ್ಕೆ ಒಪಿಟಿಗೆ ಇನ್ನೂ 24 ತಿಂಗಳ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಸ್ತರಣೆ ಸಿಗುವುದಿಲ್ಲ. ಕಾಲೇಜು ಕೊಡುವ ಐ-20 ಪತ್ರದ ಮೇಲಿರುವ ಸಿಐಪಿ ಸಂಖ್ಯೆ (ಕೋರ್ಸ್‌ನ ವಿಷಯ ಸೂಚಿಸುವ ಸಂಕೇತ) ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿ ಇದೆಯೇ ಎಂದು ಪ್ರವೇಶಕ್ಕೆ ಮುಂಚೆಯೇ ನೋಡಿ. ಹೆಸರು ಒಂದೇ ಥರ ಇರುವ ಎರಡು ಕೋರ್ಸ್‌ಗಳಲ್ಲಿ ಒಂದು ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು.

ಎಚ್-1ಬಿಗೆ ಹುದ್ದೆಯ ವಿವರಣೆಯಲ್ಲಿ ನಿರ್ದಿಷ್ಟ ವಿಷಯದ ಪದವಿ ಕಡ್ಡಾಯ ಎಂದಿರಬೇಕು. ಕೋಚ್ ಹುದ್ದೆಗಳ ಜಾಹೀರಾತಿನಲ್ಲಿ 'ಯಾವುದೇ ಪದವಿ' ಎಂದಿರುವುದೇ ಹೆಚ್ಚು. ತಕರಾರು ಬರುವುದು ಇಲ್ಲೇ. ಜಾಹೀರಾತು ಪ್ರಕಟವಾದ ಮೇಲೆ ಆ ಸಾಲು ತಿದ್ದುವುದು ಕಷ್ಟ.

ಯಾವ ತಿಂಗಳು ಏನು

ಅಕ್ಟೋಬರ್-ನವೆಂಬರ್‌ನಲ್ಲಿ ಕಾಗದಪತ್ರ ಮುಗಿಸಿ. ಡಿಸೆಂಬರ್‌ನಲ್ಲಿ ಕೋಚ್‌ಗಳ ಸಂಘದ ವಾರ್ಷಿಕ ಸಮಾವೇಶ ಇರುತ್ತದೆ. ಅಮೆರಿಕದಲ್ಲಿದ್ದರೆ ಖರ್ಚಾದರೂ ಹೋಗಿ. ಭಾಷಣಕ್ಕಿಂತ ಹೋಟೆಲಿನ ಪಡಸಾಲೆಯಲ್ಲಿ ನಡೆಯುವ ಮಾತುಕತೆಗೇ ಜನ ಬರುವುದು. ಮಾರ್ಚ್‌ನಲ್ಲಿ ಒಳಾಂಗಣ ಚಾಂಪಿಯನ್‌ಷಿಪ್ ಮುಗಿದ ಮೇಲೆ, ಹೊರಾಂಗಣ ಕೂಟಗಳ ಗಡಿಬಿಡಿಗೆ ಮುಂಚೆ, ನಿಮ್ಮ ಪಟ್ಟಿಯ ಮುಖ್ಯ ಕೋಚ್‌ಗಳಿಗೆ ಚಿಕ್ಕ ಇಮೇಲ್ ಕಳಿಸಿ. ಕೆಲಸ ಕೇಳಬೇಡಿ. ಎಂಟು ಸಾಲು, ಪ್ರಗತಿ ಪಟ್ಟಿ, ಅಥ್ಲೀಟ್ ಒಬ್ಬರ ಬದಲಾವಣೆ ತೋರಿಸುವ ಒಂದು ನಿಮಿಷದ ವಿಡಿಯೊ. ಮೇ ತಿಂಗಳಲ್ಲಿ ಯಾರಿಗೂ ಬರೆಯಬೇಡಿ, ಯಾರೂ ಓದುವುದಿಲ್ಲ. ಜೂನ್ ಮೂರನೇ ವಾರದಿಂದ ಸಂಘದ ಮತ್ತು ಎನ್‌ಸಿಎಎಯ ಉದ್ಯೋಗ ಪುಟಗಳನ್ನು ದಿನವೂ ನೋಡಿ.

ಜಾಹೀರಾತನ್ನೂ ಓದಲು ಬರಬೇಕು. ಐದಾರು ದಿನ ಮಾತ್ರ ತೆರೆದಿಟ್ಟ, ವಿಚಿತ್ರವಾಗಿ ನಿಖರವಾದ ಅರ್ಹತೆಗಳಿರುವ ಹುದ್ದೆಗೆ ಬಹುತೇಕ ಆಗಲೇ ಜನ ಸಿಕ್ಕಿರುತ್ತಾರೆ, ನಿಯಮಕ್ಕಾಗಿ ಪ್ರಕಟಿಸಿರುತ್ತಾರೆ. ಆಗಸ್ಟ್ ಮೊದಲ ವಾರದ ಜಾಹೀರಾತು ಹೊಸಬರಿಗೆ ಅನುಕೂಲ. ಸರಪಳಿಯ ಕೊನೆಯ ಕೊಂಡಿ ಅದು, ಆತುರವೂ ಅವರದೇ.

ಭಾರತದ ಸಂಪರ್ಕ ನಿಮಗೆ ಬಂಡವಾಳ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2006ರಲ್ಲಿ ನಾರ್ತ್ ಕೆರೊಲಿನಾ ಪರವಾಗಿ ಡಿಸ್ಕಸ್‌ನಲ್ಲಿ, ತೇಜಸ್ವಿನ್ ಶಂಕರ್ 2018 ಮತ್ತು 2022ರಲ್ಲಿ ಕ್ಯಾನ್ಸಸ್ ಸ್ಟೇಟ್ ಪರವಾಗಿ ಎತ್ತರ ಜಿಗಿತದಲ್ಲಿ ಎನ್‌ಸಿಎಎ ಹೊರಾಂಗಣ ಚಾಂಪಿಯನ್ ಆದವರು. ಅಂಥವರನ್ನು ಹುಡುಕಿ ತರಬಲ್ಲೆ ಎನ್ನಿ, ಆದರೆ ಹೆಸರುಗಳ ಭರವಸೆ ಕೊಡಬೇಡಿ. ಶಾಲೆ ಮುಗಿದು ವರ್ಷಗಟ್ಟಲೆ ಇಲ್ಲಿ ಸ್ಪರ್ಧಿಸಿದವರಿಗೆ ಕಾಲೇಜು ತಂಡದ ಪರ ಸ್ಪರ್ಧಿಸಲು ಸಿಗುವ ಅರ್ಹತಾ ವರ್ಷಗಳು ಕಡಿತವಾಗುತ್ತವೆ.

ಸಂದರ್ಶನ

ಮೊದಲು ಫೋನ್ ಅಥವಾ ಜೂಮ್, ಆಮೇಲೆ ಕ್ಯಾಂಪಸ್‌ನಲ್ಲಿ ಇಡೀ ದಿನ. ಮುಖ್ಯ ಕೋಚ್, ನಿಯಮಪಾಲನೆ ಅಧಿಕಾರಿ, ಶೈಕ್ಷಣಿಕ ಸಲಹೆಗಾರ, ಕೊನೆಗೆ ತಂಡದ ಐದಾರು ಅಥ್ಲೀಟ್‌ಗಳು. ಅಥ್ಲೀಟ್‌ಗಳ ಭೇಟಿಯನ್ನು ಹಗುರವಾಗಿ ಎಣಿಸಬೇಡಿ. ಊರಿನ ಗುರುಗಳ ಗತ್ತು ಅಲ್ಲಿ ನಡೆಯುವುದಿಲ್ಲ, 'ಯಾಕೆ' ಎಂದು ಕೇಳುತ್ತಾರೆ, ಉತ್ತರ ಬೇಕು. ವಾರದ ಯೋಜನೆ ತೋರಿಸುವಾಗ ಋತುವಿನಲ್ಲಿ ದಿನಕ್ಕೆ 4, ವಾರಕ್ಕೆ 20 ಗಂಟೆ, ಒಂದು ದಿನ ರಜೆ, ಋತು ಇಲ್ಲದಾಗ ವಾರಕ್ಕೆ 8 ಗಂಟೆ ಎಂಬ ಡಿವಿಷನ್ ಒಂದರ ಮಿತಿ ದಾಟದಿರಲಿ. ಬೆಳಗ್ಗೆ, ಸಂಜೆ ಎರಡೂ ಹೊತ್ತಿನ ನಮ್ಮ ವೇಳಾಪಟ್ಟಿಯನ್ನು ಹಾಗೇ ಒಯ್ದರೆ ನಿಯಮಪಾಲನೆ ಅಧಿಕಾರಿ ಮೊದಲ ಪುಟದಲ್ಲೇ ನಿಲ್ಲಿಸುತ್ತಾರೆ.

ಸಹಿಗೆ ಮುಂಚೆ ಕುರ್ಚಿಯನ್ನು ಅಲುಗಾಡಿಸಿ ನೋಡಿ

ಸಹಾಯಕ ಕೋಚ್ ಹೋಗುವುದು ತನ್ನ ತಪ್ಪಿಗಿಂತ ಹೆಚ್ಚಾಗಿ ಮೇಲಿನವರು ಬದಲಾದದ್ದಕ್ಕೆ. ಮುಖ್ಯ ಕೋಚ್‌ನ ಒಪ್ಪಂದ ಇನ್ನೆಷ್ಟು ವರ್ಷ ಎಂದು ನೇರ ಕೇಳಿ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಆ ಒಪ್ಪಂದವನ್ನು ಸಾರ್ವಜನಿಕ ದಾಖಲೆಯಾಗಿ ಕೇಳಿ ಪಡೆಯಬಹುದು, ಸಂಬಳವೂ ಬಹಳ ರಾಜ್ಯಗಳಲ್ಲಿ ಬಹಿರಂಗ. ಒರೆಗಾನ್‌ನಲ್ಲಿ ರಾಬರ್ಟ್ ಜಾನ್ಸನ್ ಹತ್ತು ವರ್ಷ ಮುಖ್ಯ ಕೋಚ್ ಆಗಿದ್ದರು. 2022ರಲ್ಲಿ ಒಪ್ಪಂದ ಮುಗಿದಾಗ ನವೀಕರಿಸಲಿಲ್ಲ, ಜೆರಿ ಶೂಮಾಕರ್ ಬಂದರು. ಪ್ರಶಸ್ತಿಗಳಿದ್ದ ಮಾತ್ರಕ್ಕೆ ಕುರ್ಚಿ ಗಟ್ಟಿ ಎಂದುಕೊಳ್ಳುವಂತಿಲ್ಲ.

ವಿಭಾಗವೇ ಮುಚ್ಚಬಹುದು. ಕ್ಲೆಮ್ಸನ್ 2020ರ ನವೆಂಬರ್‌ನಲ್ಲಿ ಪುರುಷರ ಅಥ್ಲೆಟಿಕ್ಸ್ ನಿಲ್ಲಿಸುತ್ತೇನೆಂದು ಘೋಷಿಸಿ 2021ರ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ವಾಷಿಂಗ್ಟನ್ ಸ್ಟೇಟ್ 2025ರ ಜೂನ್‌ನಲ್ಲಿ ಎಸೆತ, ಜಿಗಿತಗಳನ್ನೇ ಕೈಬಿಟ್ಟು ದೂರದ ಓಟಕ್ಕೆ ಒತ್ತು ಕೊಟ್ಟಿತು. ಹೌಸ್ ಎಂಬ ಮೊಕದ್ದಮೆಯ ರಾಜಿ ಒಪ್ಪಂದದ ಪ್ರಕಾರ 2025ರ ಜುಲೈ 1ರಿಂದ ಕಾಲೇಜುಗಳು ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಅಥ್ಲೀಟ್‌ಗಳಿಗೆ ಹಂಚಬಹುದು, ಅದರ ಸಿಂಹಪಾಲು ಫುಟ್‌ಬಾಲ್‌ಗೆ. ಇದನ್ನು ಒಪ್ಪಿಕೊಂಡ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ (ಪುರುಷರಿಗೆ 12.6, ಮಹಿಳೆಯರಿಗೆ 18) ಹೋಗಿ ತಲಾ 45 ಅಥ್ಲೀಟ್‌ಗಳ ಮಿತಿ ಬಂತು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಆ 45ರಲ್ಲಿ ನನ್ನ ವಿಭಾಗಕ್ಕೆ ಎಷ್ಟು ಜನ, ಎಷ್ಟು ವಿದ್ಯಾರ್ಥಿವೇತನದ ಹಣ? 'ನೋಡೋಣ' ಎಂಬ ಉತ್ತರ ಬಂದರೆ ಬೇರೆ ಕಡೆಯ ಮಾತುಕತೆ ನಿಲ್ಲಿಸಬೇಡಿ.

ಸೇರಿದ ಮೇಲೆ

ಡಿವಿಷನ್ ಒಂದಾದರೆ ಮೊದಲ ವಾರವೇ ಅಥ್ಲೀಟ್‌ಗಳನ್ನು ತಂಡಕ್ಕೆ ಸೇರಿಸಿಕೊಳ್ಳುವ ನಿಯಮಗಳ ವಾರ್ಷಿಕ ಪರೀಕ್ಷೆ ಪಾಸಾಗಿ. ಅದಿಲ್ಲದೆ ಕ್ಯಾಂಪಸ್ ಹೊರಗೆ ಹೋಗಿ ವಿದ್ಯಾರ್ಥಿಗಳನ್ನು ಆರಿಸುವಂತಿಲ್ಲ. ಹತ್ತನೇ ತರಗತಿ ಮುಗಿಸಿದವರಿಗೆ ಜೂನ್ 15ರಿಂದ ಫೋನ್ ಮಾಡಬಹುದು, ಬೇರೆ ಕೋಚ್‌ಗಳು ಆಗಲೇ ಮಾಡಿರುತ್ತಾರೆ. ಹಳೆಯ ಕೋಚ್ ಜೊತೆ ಮಾತಾಗಿದ್ದ ಹುಡುಗ ಹುಡುಗಿಯರಿಗೆ ಎರಡು ದಿನದೊಳಗೆ ಕರೆ ಮಾಡಿ. ಈಗಿರುವ ಅಥ್ಲೀಟ್‌ಗಳಲ್ಲಿ ಅಂಕ ತರುವವರೊಂದಿಗೆ ಮೊದಲು ಮಾತಾಡಿ, ಬೇರೆ ಕಾಲೇಜಿಗೆ ಹೋಗಬಯಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೋಗುವವರೂ ಅವರೇ. ಮೊದಲ ವರ್ಷ ಅವರ ತಂತ್ರವನ್ನು ಬುಡಸಮೇತ ಬದಲಿಸಬೇಡಿ.

ನಿಮ್ಮನ್ನು ಕರೆತಂದ ಮುಖ್ಯ ಕೋಚ್ ಹೊರಟರೆ, ಹೊಸಬರ ಹೆಸರು ಪ್ರಕಟವಾದ ದಿನವೇ ಅವರಿಗೆ ಒಂದು ಪುಟ ಕಳಿಸಿ: ನಿಮ್ಮ ಗುಂಪಿನ ಪಟ್ಟಿ, ಅಂಕಗಳು, ಯಾರಿಗೆ ಗಾಯ, ಯಾರು ಬರಲಿದ್ದಾರೆ. ಉಳಿಸಿಕೊಳ್ಳುತ್ತೀರಾ ಎಂದು ಅದರಲ್ಲೇ ಕೇಳಿ. ಎಚ್-1ಬಿಯಲ್ಲಿದ್ದರೆ ಇನ್ನೊಂದು ಲೆಕ್ಕ. ಅವಧಿ ಉಳಿದಿರುವಾಗ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಿಗುತ್ತದೆ. ಆದರೆ ಆ 60 ದಿನ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ಮೇಲಿನ ಕೊನೆಯ ದಿನಾಂಕವನ್ನು ದಾಟಲಾರದು. ಒಪ್ಪಂದವೂ ವೀಸಾ ಅರ್ಜಿಯೂ ಎರಡೂ ಜೂನ್ 30ಕ್ಕೇ ತೀರುವಂತೆ ಮಾಡಿಸಿಕೊಂಡವರಿಗೆ ನವೀಕರಣ ಆಗದಿದ್ದರೆ ಹೆಚ್ಚೆಂದರೆ ಹತ್ತು ದಿನ ಉಳಿಯುತ್ತದೆ, ಅದೂ ಐ-94 ಮೇಲೆ ಕೊಟ್ಟಿದ್ದರೆ. ಒಪ್ಪಂದ ಒಂದೇ ವರ್ಷದ್ದಾದರೂ ಅರ್ಜಿಯನ್ನು ಮೂರು ವರ್ಷಕ್ಕೆ ಹಾಕಲಾಗುತ್ತದೆಯೇ ಎಂದು ಸೇರುವಾಗಲೇ ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ.